ಒಂಬತ್ತು ಆರ್‌ಸಿ ಕಾರು, ಹದಿನಾಲ್ಕು ಬ್ಯಾಟರಿ, ಕಾರವಾರದ ಮಳೆಗಾಲ

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ, ಸಮುದ್ರಕ್ಕೆ ಹತ್ತಿರ. ಮೂರು ವರ್ಷದ ಹಿಂದೆ ಒಂದು ರಿಮೋಟ್ ಕಂಟ್ರೋಲ್ ಕಾರಿನಿಂದ ಶುರುವಾದ ಹವ್ಯಾಸ ಈಗ ಒಂಬತ್ತಕ್ಕೆ ಬಂದಿದೆ: ಡಬ್ಲ್ಯುಎಲ್‌ಟಾಯ್ಸ್ 144001 ಮೂರು, ಟಾಮಿಯಾ ಟಿಟಿ-02 ಎರಡು, ಎಚ್‌ಎಸ್‌ಪಿ ಬಗ್ಗಿ ಎರಡು, ಟ್ರಾಕ್ಸಸ್ ಸ್ಲ್ಯಾಶ್ ಒಂದು, ಯಾರೋ ಬಳಸಿಬಿಟ್ಟ, ಇಂಧನದಲ್ಲಿ ಓಡುವ ನೈಟ್ರೋ ಗಾಡಿ ಒಂದು. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ 14 ಇವೆ, ಅದರಲ್ಲಿ 4 ಉಬ್ಬಿವೆ. ಎಲ್ಲವೂ ಮೆಟ್ಟಿಲ ಕೆಳಗಿನ ಕಬ್ಬಿಣದ ಕಪಾಟಿನಲ್ಲಿವೆ. ಜನವರಿ, ಫೆಬ್ರುವರಿಯಲ್ಲಿ ಬೀಚಿನಲ್ಲಿ ಓಡಿಸಿ ಒರೆಸಿಟ್ಟ ಗಾಡಿಗಳನ್ನು ಜುಲೈಯಲ್ಲಿ ತೆಗೆದರೆ ಚಕ್ರವೇ ತಿರುಗುವುದಿಲ್ಲ, ಬೇರಿಂಗ್ ಹಿಡಿದಿರುತ್ತದೆ. ‘ವಾಟರ್‌ಪ್ರೂಫ್’ ಎಂದು ಬರೆದದ್ದಕ್ಕೂ ಇದೇ ಗತಿ. ಅಕ್ಕಿ ಡಬ್ಬದಲ್ಲಿಡು ಎಂದು ಒಬ್ಬರು, ಬ್ಯಾಟರಿ ಫ್ರಿಜ್ಜಿನಲ್ಲಿಡು ಎಂದು ಇನ್ನೊಬ್ಬರು, ಉಬ್ಬಿದ್ದನ್ನು ಉಪ್ಪುನೀರಿಗೆ ಹಾಕು ಎಂದು ಮತ್ತೊಬ್ಬರು. ಅಮ್ಮನಿಗೆ ಮನೆಗೆ ಬೆಂಕಿ ಬೀಳುತ್ತದೆಂಬ ಹೆದರಿಕೆ. ನನಗೆ ಇನ್ನೊಂದು ಗಾಡಿ, ಬಂಡೆಗಳ ಮೇಲೆ ನಿಧಾನ ಹತ್ತುವ ಕ್ರಾಲರ್, ತೆಗೆದುಕೊಳ್ಳುವ ಆಸೆ. ಅರ್ಧ ಮಾರಿಬಿಡಲೇ? ಇಟ್ಟುಕೊಂಡರೆ ಹೇಗೆ ಇಡಲಿ?

ಉತ್ತರ: ಒಂಬತ್ತು ಹೆಚ್ಚಾಯಿತೇ ಎನ್ನುವುದು ನಿಮ್ಮ ಚಿಂತೆ. ಪತ್ರ ಓದಿದರೆ ನಿಮ್ಮ ಕಷ್ಟ ಕಾರಿನ ಲೆಕ್ಕದ್ದಲ್ಲ. ಒಂದು ಕಡೆ ಉಪ್ಪು, ಇನ್ನೊಂದು ಕಡೆ ಬ್ಯಾಟರಿ. ಇವೆರಡು ಹತೋಟಿಗೆ ಬಂದರೆ ಹನ್ನೆರಡು ಗಾಡಿಯನ್ನೂ ಸಾಕಬಹುದು, ಬಾರದಿದ್ದರೆ ಮೂರೂ ಹೆಚ್ಚು. ಅಮ್ಮನ ಹೆದರಿಕೆಯನ್ನು ಹುಸಿ ಎನ್ನಲಾರೆ, ಅದಕ್ಕೇ ಬ್ಯಾಟರಿಯಿಂದಲೇ ಶುರುಮಾಡೋಣ.

ಉಬ್ಬಿದ ನಾಲ್ಕನ್ನು ಇವತ್ತೇ ಕಪಾಟಿನಿಂದ ಹೊರಗೆ ತೆಗೆಯಿರಿ. ಉಬ್ಬಿರುವುದು ಒಳಗಿನ ಎಲೆಕ್ಟ್ರೋಲೈಟ್ ಒಡೆದು ಹುಟ್ಟಿದ ಅನಿಲದಿಂದ. ಚುಚ್ಚಿ ಗಾಳಿ ಬಿಡುವುದು, ಒತ್ತಿ ಸರಿಮಾಡುವುದು, ‘ಇನ್ನೊಂದೇ ಸಲ’ ಎಂದು ಚಾರ್ಜಿಗೆ ಹಾಕುವುದು, ಮೂರೂ ಬೇಡ. ಲಿಪೊ ಹೀಗಾಗಲು ಮುಖ್ಯ ಕಾರಣ ಎರಡು. ತುಂಬಾ ಚಾರ್ಜ್ ಮಾಡಿ, ಅಂದರೆ ಸೆಲ್‌ಗೆ 4.2 ವೋಲ್ಟ್‌ನಲ್ಲಿ, ವಾರಗಟ್ಟಲೆ ಸೆಕೆಯಲ್ಲಿ ಇಡುವುದು ಒಂದು. ತೀರಾ ಖಾಲಿ ಮಾಡುವುದು ಇನ್ನೊಂದು. ಎರಡನೆಯದಕ್ಕೆ ನಿಮ್ಮ ಟಿಟಿ-02 ಮೇಲೆ ನನಗೆ ಅನುಮಾನ. ಆ ಕಿಟ್‌ಗಳ ಜೊತೆ ಬರುತ್ತಿದ್ದ ಟಿಬಿಎಲ್‌ಇ-02ಎಸ್ ಸ್ಪೀಡ್ ಕಂಟ್ರೋಲರ್‌ನಲ್ಲಿ ಲಿಪೊ ಕಟ್‌ಆಫ್ (ಬ್ಯಾಟರಿ ತಗ್ಗಿದಾಗ ತಾನೇ ನಿಲ್ಲಿಸುವ ವ್ಯವಸ್ಥೆ) ಇಲ್ಲ; ಅದನ್ನು ಮಾಡಿದ್ದೇ 7.2 ವೋಲ್ಟಿನ ನಿಕಲ್ ಬ್ಯಾಟರಿಗೆ. ಲಿಪೊ ಹಾಕಿದರೆ ಗಾಡಿ ನಿಧಾನವಾಗುವವರೆಗೂ ಎಳೆಯುತ್ತಲೇ ಇರುತ್ತದೆ. ನಿಮಗೆ ಗೊತ್ತಾಗುವ ಹೊತ್ತಿಗೆ ಸೆಲ್ 3 ವೋಲ್ಟಿನ ಕೆಳಗೆ ಹೋಗಿರುತ್ತದೆ. ಆ ಎರಡು ಗಾಡಿಗೆ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕನ್ನೇ ಹಾಕಿ, ಇಲ್ಲವೇ ಬ್ಯಾಲೆನ್ಸ್ ತಂತಿಗೆ (ಪ್ರತಿ ಸೆಲ್ಲಿನಿಂದ ಬರುವ ಸಣ್ಣ ತಂತಿಗಳ ಗೊಂಚಲು) ಸಿಕ್ಕಿಸುವ ಪುಟ್ಟ ಅಲಾರಂ ತಂದು ಸೆಲ್‌ಗೆ 3.5 ವೋಲ್ಟ್‌ಗೆ ಇಡಿ. ಕೂಗಿದ ಕೂಡಲೇ ನಿಲ್ಲಿಸಬೇಕು, ಇನ್ನೊಂದು ಸುತ್ತು ಎನ್ನಬಾರದು.

ಉಪ್ಪುನೀರಿನ ಸಲಹೆ ಹಳೆಯದು, ಕೆಟ್ಟದ್ದು. ನೀರಿನಲ್ಲಿ ಮೊದಲು ಕರಗುವುದು ಬ್ಯಾಟರಿಯ ತಂತಿ ಮತ್ತು ಕನೆಕ್ಟರ್. ಅವು ಹೋದಮೇಲೆ ಒಳಗೆ ಕರೆಂಟ್ ಉಳಿದುಕೊಂಡೇ ಇರುತ್ತದೆ, ಅಳೆಯಲು ಮಾತ್ರ ದಾರಿ ಇರುವುದಿಲ್ಲ. ಅದರ ಬದಲು ಬೈಕಿನ ಇಂಡಿಕೇಟರಿಗೋ ಕಾರಿನ ಬ್ರೇಕ್ ಲೈಟಿಗೋ ಹಾಕುವ 12 ವೋಲ್ಟ್, 21 ವ್ಯಾಟ್ ಬಲ್ಬು ತನ್ನಿ, ಎರಡು ತಂತಿ ಬೆಸುಗೆ ಹಾಕಿ. ಮನೆ ಹೊರಗೆ, ಚಿರೆಕಲ್ಲಿನ ಮೇಲೆ, ಸುತ್ತ ಒಣ ಎಲೆ, ತೆಂಗಿನ ಸಿಪ್ಪೆ ಇಲ್ಲದ ಕಡೆ ಒಂದೊಂದೇ ಪ್ಯಾಕ್ ಜೋಡಿಸಿ ದೂರ ನಿಲ್ಲಿ. 5000 ಎಂಎಎಚ್‌ನ ಎರಡು ಸೆಲ್ ಪ್ಯಾಕ್ ತುಂಬಿದ್ದರೆ ಮೂರೂವರೆ, ನಾಲ್ಕು ತಾಸು ಹಿಡಿಯುತ್ತದೆ. ಬಲ್ಬು ಪೂರ್ತಿ ಆರಿದಮೇಲೂ ಒಂದು ರಾತ್ರಿ ಹಾಗೇ ಬಿಡಿ, ಮೀಟರಿನಲ್ಲಿ ಸೊನ್ನೆಗೆ ಹತ್ತಿರ ಬಂದದ್ದು ನೋಡಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸು ಪಡೆಯುವ ಹೊಣೆ ತಯಾರಕರ ಮತ್ತು ಆಮದುದಾರರ ಮೇಲಿದೆ, ಆದ್ದರಿಂದ ಮಾರಿದ ಅಂಗಡಿಯನ್ನೂ ಕೇಳಬಹುದು. ನಗರಸಭೆಯ ಕಸದ ಗಾಡಿಗೆ ಮಾತ್ರ ಹಾಕಬೇಡಿ, ಅಲ್ಲಿ ಒತ್ತಿ ತುಂಬುವಾಗ ಬೆಂಕಿ ಹತ್ತೀತು. ಒಂದು ಎಚ್ಚರಿಕೆ: ಪ್ಯಾಕ್ ಕೈಗೆ ಬಿಸಿಯಾಗಿದ್ದರೆ, ಸಿಹಿಸಿಹಿ ವಾಸನೆ ಬರುತ್ತಿದ್ದರೆ ಬಲ್ಬಿನ ಗೊಡವೆಯೂ ಬೇಡ. ಬಯಲಿನಲ್ಲಿ ಬಿಟ್ಟು ತಣಿಯಲು ಬಿಡಿ.

ಉಳಿದ ಹತ್ತನ್ನು ಇಡುವ ಬಗ್ಗೆ. ಚಾರ್ಜರಿನಲ್ಲಿ ‘ಸ್ಟೋರೇಜ್’ ಎಂಬ ಆಯ್ಕೆ ಇರುತ್ತದೆ. ಅದು ಪ್ರತಿ ಸೆಲ್ಲನ್ನು 3.80ರಿಂದ 3.85 ವೋಲ್ಟಿಗೆ ತಂದು ನಿಲ್ಲಿಸುತ್ತದೆ. ಎರಡು ಸೆಲ್ಲಿನದ್ದಾದರೆ 7.6ರಿಂದ 7.7, ಮೂರರದ್ದಾದರೆ 11.4ರಿಂದ 11.55. ಬೀಚಿಗೆ ಹೋಗುವ ಹಿಂದಿನ ರಾತ್ರಿ ಎಲ್ಲ ತುಂಬಿಸಿಟ್ಟು, ಬೆಳಿಗ್ಗೆ ಮಳೆ ಬಂತೆಂದು ಹಾಗೇ ಬಿಡುವುದೇ ನಮ್ಮ ಕಡೆ ಹೆಚ್ಚಿನ ಪ್ಯಾಕ್ ಹಾಳಾಗುವ ದಾರಿ. ಎರಡು ದಿನದಲ್ಲಿ ಓಡಿಸುವುದಿಲ್ಲ ಎಂದಾದರೆ ಸ್ಟೋರೇಜಿಗೆ ಇಳಿಸಿ. ತಿಂಗಳಿಗೊಮ್ಮೆ ಅಳೆಯಿರಿ. ಒಂದೇ ಪ್ಯಾಕಿನ ಸೆಲ್‌ಗಳ ನಡುವೆ ಬಳಸದೆ ಬಿಟ್ಟಾಗಲೇ 0.05 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬರತೊಡಗಿದರೆ ಅದರ ಕಾಲ ಮುಗಿಯುತ್ತಾ ಬಂತು.

ಫ್ರಿಜ್ಜು ಬೇಡ. ತಂಪು ಲಿಪೊಗೆ ಒಳ್ಳೆಯದೇ, ಆದರೆ ನಮ್ಮ ಗಾಳಿಗೆ ಹೊರತೆಗೆದ ಕೂಡಲೇ ಅದರ ಮೈತುಂಬ ನೀರು ಕೂರುತ್ತದೆ. ಅದೂ ಅಲ್ಲದೆ ಮೊಸರು, ಮೀನಿನ ಪಕ್ಕದಲ್ಲಿಡುವ ವಸ್ತು ಅದಲ್ಲ. ಸ್ಟೋರೇಜ್ ವೋಲ್ಟೇಜಿನಲ್ಲಿದ್ದರೆ ಮನೆಯ ನೆರಳಿನ ಮೂಲೆ ಸಾಕು.

ಕಪಾಟಿನದ್ದು ಜಾಗದ ತಪ್ಪು. ಮೆಟ್ಟಿಲ ಕೆಳಗೆ ಹೊಗೆ ಎದ್ದರೆ ಮೇಲಿದ್ದವರಿಗೆ ಇಳಿಯುವ ದಾರಿಯೇ ಮುಚ್ಚುತ್ತದೆ. ಬಿಗಿಯಾಗಿ ಮುಚ್ಚಿದ ಕಬ್ಬಿಣದ ಪೆಟ್ಟಿಗೆಯೂ ಒಳ್ಳೆಯದಲ್ಲ, ಅನಿಲಕ್ಕೆ ಹೊರಹೋಗಲು ಕಿಂಡಿ ಇಲ್ಲದಿದ್ದರೆ ಸಿಡಿಯುತ್ತದೆ. ಅಗ್ಗದಲ್ಲಿ ಆಗುವ ಕೆಲಸ ಇದು: ಬಾಗಿಲು, ಪರದೆ, ಮರದ ಸಾಮಾನಿನಿಂದ ದೂರ, ಕಲ್ಲು ಅಥವಾ ಸಿಮೆಂಟ್ ನೆಲದ ಮೇಲೆ ಪೊಳ್ಳು ಸಿಮೆಂಟ್ ಬ್ಲಾಕ್ ನಿಲ್ಲಿಸಿ ಗೂಡು ಮಾಡಿ. ಒಂದೊಂದು ಪೊಳ್ಳಿಗೆ ಎರಡು ಪ್ಯಾಕ್, ಲಿಪೊ ಚೀಲದಲ್ಲಿ (ಬೆಂಕಿ ತಾಳುವ ಬಟ್ಟೆಯ ಚೀಲ) ಹಾಕಿ. ಮೇಲೊಂದು ಕಡಪ ಕಲ್ಲಿನ ತುಂಡು ಸಡಿಲವಾಗಿ ಮುಚ್ಚಿ, ಅದರ ಸಂದಿಯ ಮೇಲೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಒಣ ಮರಳು ಇಡಿ. ಕೆಳಗೆ ಹೊತ್ತಿಕೊಂಡರೆ ಚೀಲ ಕರಗಿ ಮರಳು ತಾನೇ ಸುರಿಯುತ್ತದೆ. ಹೊಳೆ ಮರಳು ತನ್ನಿ. ಬೀಚಿನ ಮರಳಿನಲ್ಲಿ ಉಪ್ಪು, ತೇವ ಎರಡೂ ಇದ್ದು ಕರೆಂಟ್ ಹರಿಯಲು ಅದೇ ದಾರಿಯಾಗುತ್ತದೆ. ಲಿಪೊ ಚೀಲವೊಂದೇ ಬೆಂಕಿಯನ್ನು ಪೂರ್ತಿ ತಡೆಯುತ್ತದೆ ಎಂದು ನಂಬಬೇಡಿ, ಉರಿಯನ್ನು ಕಡಿಮೆ ಮಾಡುತ್ತದೆ ಅಷ್ಟೇ. ಒಂದು ವೇಳೆ ಹತ್ತಿಯೇ ಬಿಟ್ಟರೆ ಹೊಗೆ ವಿಷ, ಮೊದಲು ಎಲ್ಲರೂ ಹೊರಗೆ, ಆಮೇಲೆ 112ಕ್ಕೆ ಫೋನು. ಪುಡಿ ಸಿಂಪಡಿಸುವ ಅಗ್ನಿಶಾಮಕ ಸುತ್ತಲಿನ ಬೆಂಕಿ ಆರಿಸುತ್ತದೆ, ಪ್ಯಾಕನ್ನು ತಣಿಸುವುದಿಲ್ಲ. ತಣಿಸುವುದು ಬೇಕಾದಷ್ಟು ನೀರು ಮಾತ್ರ.

ಚಾರ್ಜ್ ಮಾಡುವಾಗ ಎದ್ದು ಹೋಗಬೇಡಿ. 5000 ಎಂಎಎಚ್‌ಗೆ 5 ಆಂಪಿಯರ್, 1500ಕ್ಕೆ 1.5, ಅದಕ್ಕಿಂತ ಮೇಲೆ ಬೇಡ. ಬ್ಯಾಲೆನ್ಸ್ ತಂತಿ ಯಾವಾಗಲೂ ಸಿಕ್ಕಿಸಿರಲಿ. ನಿಕಲ್ ಮತ್ತು ಲಿಪೊ ಎರಡನ್ನೂ ಇಟ್ಟುಕೊಂಡವರು ಮಾಡುವ ಅತಿ ಅಪಾಯದ ತಪ್ಪೆಂದರೆ ಲಿಪೊವನ್ನು ನಿಕಲ್ ಮೋಡಿನಲ್ಲಿ ಚಾರ್ಜಿಗೆ ಹಾಕುವುದು. ಅದು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುವುದಿಲ್ಲ. ನಿಕಲ್ ಪ್ಯಾಕಿಗೆಲ್ಲ ಹಸಿರು ಟೇಪು ಸುತ್ತಿಬಿಡಿ. ಮೇ ತಿಂಗಳ ಗುಡುಗಿಗೆ ಚಾರ್ಜರಿನ ಪ್ಲಗ್ ಕಿತ್ತಿಡುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ಉಪ್ಪು. ಫೆಬ್ರುವರಿಯಲ್ಲಿ ಒರೆಸಿಟ್ಟದ್ದು ಜುಲೈಯಲ್ಲಿ ಯಾಕೆ ಹಿಡಿದುಕೊಂಡಿತು? ಉತ್ತರ ನಿಮ್ಮ ಅಡುಗೆಮನೆಯಲ್ಲಿದೆ. ಸಾಣಿಕಟ್ಟಾದ ಹರಳುಪ್ಪಿನ ಭರಣಿ ಬೇಸಿಗೆಯಲ್ಲಿ ಒಣಗಿರುತ್ತದೆ, ಆಷಾಢದಲ್ಲಿ ತಳದಲ್ಲಿ ನೀರು ಕಟ್ಟಿರುತ್ತದೆ. ಶುದ್ಧ ಉಪ್ಪು ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದಾಗ ನೀರೊಡೆಯುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಶಿಯಂ ಕ್ಲೋರೈಡಿಗೆ ಶೇ. 33 ಸಾಕು. ನೀವು ಬಟ್ಟೆಯಲ್ಲಿ ಒರೆಸಿದಾಗ ಹೋದದ್ದು ಮರಳು. ಬೇರಿಂಗಿನ ಒಳಗೆ, ಸ್ಕ್ರೂವಿನ ತಲೆಯಲ್ಲಿ, ಮೋಟಾರಿನ ಬುಡದಲ್ಲಿ ಉಪ್ಪಿನ ಪೊರೆ ಉಳಿಯಿತು. ಮಳೆಗಾಲದ ಗಾಳಿಗೆ ಅದು ಕಪಾಟಿನ ಒಳಗೇ ಮತ್ತೆ ಉಪ್ಪುನೀರಾಯಿತು. ಅಷ್ಟು ದಿನ ನಿಮ್ಮ ಕಾರು ಸಮುದ್ರದಲ್ಲಿ ಮುಳುಗಿದ್ದ ಹಾಗೆಯೇ ಲೆಕ್ಕ.

‘ವಾಟರ್‌ಪ್ರೂಫ್’ ಎಂಬ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಸ್ಪೀಡ್ ಕಂಟ್ರೋಲರ್, ಸರ್ವೊ (ಸ್ಟಿಯರಿಂಗ್ ತಿರುಗಿಸುವ ಪುಟ್ಟ ಮೋಟಾರು), ರಿಸೀವರ್ ಡಬ್ಬಿಯ ಬಗ್ಗೆ, ಅದೂ ಸಿಹಿನೀರಿನ ಕೆಸರು, ಹೊಂಡದ ಲೆಕ್ಕದಲ್ಲಿ. ಉಕ್ಕಿನ ಬೇರಿಂಗ್, ಆಕ್ಸಲ್, ಹಿಂಜ್ ಪಿನ್ ಯಾವ ಗಾಡಿಯಲ್ಲೂ ವಾಟರ್‌ಪ್ರೂಫ್ ಅಲ್ಲ. ದುಬಾರಿ ಸೆರಾಮಿಕ್ ಬೇರಿಂಗ್ ಹಾಕಿದರೂ ಅದರಲ್ಲಿ ಗುಂಡು ಮಾತ್ರ ಸೆರಾಮಿಕ್, ಬಳೆ ಉಕ್ಕಿನದೇ.

ಹಾಗಾದರೆ ಬೀಚು ಬಿಡಬೇಕೇ? ನನ್ನನ್ನು ಕೇಳಿದರೆ ಒಂದೇ ಗಾಡಿಯನ್ನು ಬೀಚಿಗೆ ಮೀಸಲಿಡಿ, ಅದು ಸವೆದು ಹೋಗಲೆಂದೇ ಇಡಿ. ನಿಮ್ಮ ಬಳಿ ಇರುವುದರಲ್ಲಿ 144001ರಲ್ಲೊಂದು, ಯಾಕೆಂದರೆ ಉಳಿದೆರಡು ಅದಕ್ಕೆ ಬಿಡಿಭಾಗ ಕೊಡುತ್ತವೆ. ಉಳಿದವನ್ನು ಮೈದಾನದ ಕೆಂಪು ಮಣ್ಣಿನಲ್ಲಿ ಓಡಿಸಿ. ಅದು ಗೇರ್ ಸವೆಸುತ್ತದೆ, ನಿಜ, ಆದರೆ ಬ್ರಷ್ಷಿನಲ್ಲಿ ತಿಕ್ಕಿದರೆ ಹೋಗುತ್ತದೆ, ಆರು ತಿಂಗಳ ಮೇಲೆ ಎದ್ದು ಕಾಡುವುದಿಲ್ಲ.

ಬೀಚಿನಿಂದ ಬಂದ ದಿನ ರಾತ್ರಿಯೇ ತೊಳೆಯಬೇಕು. ಬ್ಯಾಟರಿ ಕಳಚಿ, ಬಾಡಿ ತೆಗೆದು, ನಾಲ್ಕೂ ಚಕ್ರ ಬಿಚ್ಚಿ. ಒಂದು ಬಕೆಟ್ ನೀರಿನಲ್ಲಿ ಮೆತ್ತಗಿನ ಬ್ರಷ್ಷಿನಿಂದ ತಿಕ್ಕಿ, ಎರಡನೇ ಬಕೆಟ್ ಮೇಲಿಂದ ಸುರಿಯಿರಿ. ಪೈಪು ಹಿಡಿಯಬೇಡಿ, ಅದರ ರಭಸಕ್ಕೆ ಉಪ್ಪುನೀರು ಸೀಲ್ ದಾಟಿ ಒಳಗೆ ಹೋಗುತ್ತದೆ. ಸಮುದ್ರದ ಹತ್ತಿರದ ಬಾವಿ ಏಪ್ರಿಲ್, ಮೇನಲ್ಲಿ ಸವಳಾಗುವುದುಂಟು, ನಾಲಿಗೆಗೆ ಹಚ್ಚಿ ನೋಡಿ. ಚಪ್ಪೆ ಅನಿಸದಿದ್ದರೆ ಕೊನೆಯ ತೊಳೆತಕ್ಕೆ ನಳದ ನೀರೇ ಆಗಬೇಕು. ರಿಸೀವರ್ ಡಬ್ಬಿ ಮತ್ತು ಸ್ಪೀಡ್ ಕಂಟ್ರೋಲರಿನ ಫ್ಯಾನಿಗೆ ನೀರು ಬಿಡದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಫ್ಯಾನಿನ ಕೆಳಗೆ ಎರಡು ತಾಸು. ಟೈರಿನ ಒಳಗಿನ ಸ್ಪಂಜು ಮರೆತರೆ ಎಲ್ಲ ವ್ಯರ್ಥ; ಅದು ಉಪ್ಪುನೀರು ಹಿಡಿದುಕೊಂಡು ಪಕ್ಕದ ಬೇರಿಂಗಿಗೆ ದಿನವೂ ಉಣಿಸುತ್ತದೆ. ಟೈರಿನ ನಡುಮಧ್ಯ ಎದುರುಬದುರು 3 ಮಿಲಿಮೀಟರಿನ ಎರಡು ತೂತು ಕೊರೆದು, ಸಿಹಿನೀರಲ್ಲಿ ಅದ್ದಿ ಹಿಂಡಿ, ಗರಗರ ತಿರುಗಿಸಿ ನೀರು ಹೊರಹಾಕಿ.

ಹಲವರು ಇಷ್ಟಾದಮೇಲೆ ಡಬ್ಲ್ಯುಡಿ-40 ಹೊಡೆದು ಕೈತೊಳೆದುಕೊಳ್ಳುತ್ತಾರೆ. ಅದು ನೀರನ್ನು ಹೊರದಬ್ಬುವುದಕ್ಕೆ ಚೆನ್ನಾಗಿದೆ, ಬೇರಿಂಗಿಗೆ ಬಾಳುವ ಎಣ್ಣೆಯಲ್ಲ. ಶಾಕ್ ಅಬ್ಸಾರ್ಬರಿನ ಸಿಲಿಕೋನ್ ರಿಂಗುಗಳಿಗೆ ತಾಗಿದರೆ ಉಬ್ಬಿಸುತ್ತದೆ ಕೂಡ. ಬಟ್ಟೆಗೆ ಹೊಡೆದು ಉಕ್ಕಿನ ಭಾಗಕ್ಕಷ್ಟೇ ಸವರಿ. ಬೇರಿಂಗಿಗೆ ಮಾಡಬೇಕಾದ್ದು ಬೇರೆ. ನಿಮ್ಮ ಟಾಮಿಯಾಗಳಲ್ಲಿರುವುದು 5×11×4 ಮಿಲಿಮೀಟರಿನದು, ಸ್ಲ್ಯಾಶಿನಲ್ಲೂ ಹಲವು ಅದೇ ಅಳತೆ. ರಬ್ಬರ್ ಸೀಲಿನದ್ದನ್ನು ಹತ್ತಿಪ್ಪತ್ತು ಒಟ್ಟಿಗೆ ತರಿಸಿಡಿ. ಸೀಲನ್ನು ಚೂಪು ಬ್ಲೇಡಿನ ತುದಿಯಿಂದ ಒಳಬಳೆಯ ಕಡೆಯಿಂದ ಎಬ್ಬಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅಲ್ಲಾಡಿಸಿ ತೊಳೆದು ಒಣಗಿಸಿ. ಬೇರೆ ಊರಿನವರು ಎರಡು ಹನಿ ತೆಳು ಎಣ್ಣೆ ಬಿಡಿ ಎನ್ನುತ್ತಾರೆ, ಓಟ ಸಲೀಸು ಎಂದು. ಕರಾವಳಿಯಲ್ಲಿ ನಾನು ಗ್ರೀಸಿನ ಪಕ್ಷ. ಬೋಟ್ ಇಂಜಿನ್ನಿನ ಸಾಮಾನು ಮಾರುವ ಅಂಗಡಿಯಲ್ಲಿ ನೀರಿಗೆ ಜಗ್ಗದ ಮರೀನ್ ಗ್ರೀಸ್ ಕೇಳಿ, ಬೇರಿಂಗಿನ ಒಳಗೆ ಅರ್ಧದಷ್ಟು ತುಂಬಿ ಸೀಲ್ ಮುಚ್ಚಿ. ಚಕ್ರ ಸ್ವಲ್ಪ ಭಾರ ಅನಿಸುತ್ತದೆ, ಒಂದು ಚಾರ್ಜಿನ ಓಟವೂ ಕೊಂಚ ಇಳಿಯಬಹುದು. ರೇಸಿಗೆ ಹೋಗುವವರಿಗೆ ಅದು ನಷ್ಟ, ನಿಮಗಲ್ಲ.

ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಸೆಟ್ ಹಾಕಿಬಿಡಲೇ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂಗಳಿಗೆ ಧಾರಾಳ ಹಾಕಿ. ಅಲ್ಯುಮಿನಿಯಂ ಭಾಗಕ್ಕೆ ಹಾಕುವಾಗ ಎಳೆಗೆ ಗ್ರೀಸ್ ಸವರಿ, ಇಲ್ಲವಾದರೆ ಉಪ್ಪಿನ ತೇವದಲ್ಲಿ ಎರಡು ಲೋಹ ಸೇರಿ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ. ಪಿನಿಯನ್ ಗೇರನ್ನು (ಮೋಟಾರಿನ ಚಿಕ್ಕ ಗೇರು) ಶಾಫ್ಟಿಗೆ ಹಿಡಿದಿಡುವ ಗ್ರಬ್ ಸ್ಕ್ರೂ ಮಾತ್ರ ಗಟ್ಟಿ ಉಕ್ಕಿನದೇ ಇರಲಿ. ಸ್ಟೇನ್‌ಲೆಸ್ ಮೆದು, ಅದರ ಅಲೆನ್ ಕೀ ಕೂರುವ ಗುಳಿ ಬೇಗ ಸವೆದು ಆಮೇಲೆ ಬಿಚ್ಚಲು ಬರುವುದಿಲ್ಲ.

ಈಗ ಮಳೆಗಾಲಕ್ಕೆ ಇಡುವ ಕ್ರಮ. ಹಲಸಿನ ಹಪ್ಪಳ ಹೇಗೆ ಇಡುತ್ತಾರೋ ಹಾಗೆ: ಮೊದಲು ಗರಿಗರಿ ಒಣಗಬೇಕು, ಆಮೇಲೆ ಗಾಳಿಯಾಡದ ಡಬ್ಬ, ಆಮೇಲೆ ಪದೇಪದೇ ಮುಚ್ಚಳ ತೆಗೆಯದ ಕೈ. ಅಂಚಿನಲ್ಲಿ ರಬ್ಬರ್ ಪಟ್ಟಿ ಇರುವ ಪ್ಲಾಸ್ಟಿಕ್ ಪೆಟ್ಟಿಗೆ ತನ್ನಿ. ಸ್ಲ್ಯಾಶ್ 57 ಸೆಂಟಿಮೀಟರ್ ಉದ್ದ, 30 ಅಗಲ ಇರುವುದರಿಂದ ಅದಕ್ಕೆ ಒಳ ಉದ್ದ 60 ಸೆಂಟಿಮೀಟರ್ ಬೇಕು. 144001 ಮೂರೂ ಒಂದೇ ಪೆಟ್ಟಿಗೆಯಲ್ಲಿ ಹಿಡಿದಾವು. ಹೊಟ್ಟೆಯ ಕೆಳಗೆ ಮರದ ತುಂಡು ಕೊಟ್ಟು ಚಕ್ರ ನೆಲಕ್ಕೆ ತಾಗದಂತೆ ಇಡಿ, ಟೈರು ಚಪ್ಪಟೆಯಾಗುವುದಿಲ್ಲ. ಪ್ರತಿ ಪೆಟ್ಟಿಗೆಗೆ ಕಾಲು ಕಿಲೋ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಾಂಶ ಮಾಪಕ. ಶೇ. 50ರ ಆಸುಪಾಸು ನಿಂತರೆ ಸಾಕು, 60 ದಾಟಿದರೆ ಜೆಲ್ ಬದಲಿಸಿ. ಒದ್ದೆಯಾದ ಜೆಲ್ಲನ್ನು 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ತಾಸು ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಪಾತ್ರೆಯಲ್ಲಿ ಹುರಿಯಬೇಡಿ; ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ಅಕ್ಕಿಗೆ ಈ ಶಕ್ತಿ ಇಲ್ಲ. ಅದು ಎಳೆಯುವ ತೇವ ಅತ್ಯಲ್ಪ, ಕೊಡುವುದು ಗೇರಿನ ತುಂಬ ಹಿಟ್ಟಿನ ಪುಡಿ ಮತ್ತು ಹುಳ.

ಬ್ಯಾಟರಿಯನ್ನು ಈ ಪೆಟ್ಟಿಗೆಗೆ ಹಾಕಬೇಡಿ, ಅದರ ಗೂಡು ಬೇರೆ. ರಿಮೋಟಿನ ಪೆನ್ಸಿಲ್ ಸೆಲ್ ತೆಗೆದಿಡಿ. ಸೋರಿ ಪತ್ತಿಗೆ ಹಸಿರು ಹಿಡಿದಿದ್ದರೆ ಹತ್ತಿಯಲ್ಲಿ ವಿನೆಗರ್ ಸವರಿ, ಆಮೇಲೆ ಆಲ್ಕೋಹಾಲಿನಲ್ಲಿ ಒರೆಸಿ. ಕಾರಿನ ಜೊತೆ ಬಂದ ರಟ್ಟಿನ ಡಬ್ಬ ಮಾರುವಾಗ ಬೆಲೆ ತರುತ್ತದೆ ನಿಜ, ಆದರೆ ಗಾಡಿಯನ್ನು ಅದರಲ್ಲೇ ಇಟ್ಟರೆ ಬೂಸಲು, ಗೆದ್ದಲು ಎರಡೂ ಬರುತ್ತವೆ. ಡಬ್ಬವನ್ನು ಮಡಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ.

ಸಂಗ್ರಹದ ಲೆಕ್ಕಕ್ಕೆ ಬರೋಣ. ನಿಮ್ಮಲ್ಲಿ ಈಗ ಬಹುಶಃ ಮೂರು ಬಗೆಯ ಕನೆಕ್ಟರ್ ಇರಬೇಕು: ಟಾಮಿಯಾದ್ದು, ಟಿ ಪ್ಲಗ್, ಟ್ರಾಕ್ಸಸ್‌ನದ್ದು. ಹದಿನಾಲ್ಕು ಬ್ಯಾಟರಿ ಸೇರಿಕೊಳ್ಳಲು ಇದೇ ಕಾರಣ. ಎಲ್ಲವನ್ನೂ ಎಕ್ಸ್‌ಟಿ60ಗೆ ಬದಲಿಸಿ. ಬ್ಯಾಟರಿಯ ಎರಡೂ ತಂತಿಯನ್ನು ಒಟ್ಟಿಗೆ ಕತ್ತರಿಸಿದರೆ ಕತ್ತರಿಯೇ ಶಾರ್ಟ್ ಮಾಡುತ್ತದೆ. ಒಂದನ್ನು ಕತ್ತರಿಸಿ, ಬೆಸೆದು, ಟ್ಯೂಬ್ ಮುಚ್ಚಿದ ಮೇಲೆಯೇ ಇನ್ನೊಂದು. 60 ವ್ಯಾಟಿನ ಬೆಸುಗೆ ಕಡ್ಡಿ ಬೇಕು. ಬೆಸೆಯುವಾಗ ಕನೆಕ್ಟರಿನ ಜೋಡಿಯನ್ನು ಸಿಕ್ಕಿಸಿಯೇ ಇಟ್ಟರೆ ಬಿಸಿಗೆ ಪಿನ್ ಓರೆಯಾಗುವುದಿಲ್ಲ. ಆಮೇಲೆ ಲೆಕ್ಕ ಸುಲಭ: ಒಂದು ಸಂಜೆಗೆ ನೀವು ಹೊರಗೆ ಒಯ್ಯುವುದು ಎರಡು, ಹೆಚ್ಚೆಂದರೆ ಮೂರು ಗಾಡಿ, ಗಾಡಿಗೆರಡು ಪ್ಯಾಕ್. ದೊಡ್ಡ ಗಾತ್ರದ ನಾಲ್ಕು, 144001ಗೆ ಚಿಕ್ಕವು ಮೂರು ಇದ್ದರೆ ಸಾಕು. ಲಿಪೊ ಓಡಿಸದಿದ್ದರೂ ಮುದಿಯಾಗುತ್ತದೆ. ಆಫರಿನಲ್ಲಿ ಹೆಚ್ಚು ತಂದಿಡುವುದು ತರಕಾರಿ ಹೆಚ್ಚು ತಂದ ಹಾಗೆ.

ಯಾವುದನ್ನು ಮಾರಬೇಕು ಎಂದರೆ, ನೈಟ್ರೋ. ಅದರ ಇಂಧನದ ಮೆಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಉರಿದ ಶೇಷ ಇಂಜಿನ್ನಿನ ಹಿಂಬದಿಯ ಬೇರಿಂಗನ್ನು ತಿನ್ನುತ್ತದೆ. ಪ್ರತಿ ಓಟದ ಕೊನೆಗೆ ಟ್ಯಾಂಕ್ ಬರಿದು ಮಾಡಿ ಆಫ್ಟರ್‌ರನ್ ಎಣ್ಣೆ (ಓಟದ ನಂತರ ಇಂಜಿನ್ನಿಗೆ ಬಿಡುವ ತುಕ್ಕುತಡೆ ಎಣ್ಣೆ) ಬಿಟ್ಟು ತಿರುಗಿಸುವ ತಾಳ್ಮೆ ಇದ್ದರೆ ಇಟ್ಟುಕೊಳ್ಳಿ. ಅದರ ಇಂಧನದ ಡಬ್ಬಿ ಬ್ಯಾಟರಿ ಇರುವ ಕೋಣೆಯಲ್ಲಂತೂ ಇರಬಾರದು. 144001 ಮೂರು, ಟಿಟಿ-02 ಎರಡು, ಬಗ್ಗಿ ಎರಡು ಎಂಬ ಜೋಡಿಗಳನ್ನು ಒಡೆಯಬೇಡಿ. ಒಂದೇ ಚಾಸಿಯ ಎರಡು ಗಾಡಿ ಬೇರೆಬೇರೆ ಎರಡಕ್ಕಿಂತ ಸಾಕಲು ಹಗುರ, ಒಂದು ಕೆಟ್ಟಾಗ ಇನ್ನೊಂದು ಅಂಗಡಿಯಾಗುತ್ತದೆ. ಬಿಡಿಭಾಗ ಅದಲುಬದಲು ಮಾಡುವಾಗ ಗೇರಿನ ಹಲ್ಲಿನ ಅಳತೆ ನೋಡಿ: 0.6 ಮಾಡ್ಯೂಲಿನ ಪಿನಿಯನ್ನಿಗೆ 48 ಪಿಚ್ಚಿನ ಸ್ಪರ್ (ಅದು ತಿರುಗಿಸುವ ದೊಡ್ಡ ಗೇರು) ಕಣ್ಣಿಗೆ ಕೂತ ಹಾಗೆ ಕಾಣುತ್ತದೆ, ಹತ್ತು ನಿಮಿಷದಲ್ಲಿ ಹಲ್ಲು ಬೋಳಿಸುತ್ತದೆ. ಗಾಡಿಗೊಂದು ಪುಟದಂತೆ ನೋಟ್‌ಬುಕ್ ಇಟ್ಟು ಬೇರಿಂಗ್ ಅಳತೆ, ಪಿನಿಯನ್ ಹಲ್ಲು, ಮೋಟಾರ್ ಶಾಫ್ಟಿನ ದಪ್ಪ, ಕೊನೆಗೆ ತೊಳೆದ ದಿನ ಬರೆದಿಡಿ. ಬ್ಯಾಟರಿಯ ಮೇಲೆ ಕೊಂಡ ತಿಂಗಳು.

ಕ್ರಾಲರ್ ಬಗ್ಗೆ ನನ್ನ ವಿರೋಧವಿಲ್ಲ. ನಮ್ಮ ಜಿಲ್ಲೆಗೆ ಹೊಂದುವ ಗಾಡಿ ಅಂದರೆ ಅದೇ. ನಿಧಾನ ಹೋಗುವುದರಿಂದ ಬ್ಯಾಟರಿ ಬಿಸಿಯಾಗುವುದಿಲ್ಲ, ಘಟ್ಟದ ಕಡೆಯ ಹಳ್ಳದ ಬಂಡೆಗಳಲ್ಲಿ ಸಿಹಿನೀರು, ಉಪ್ಪಿನ ಹಂಗಿಲ್ಲ. ನವೆಂಬರಿನಿಂದ ಫೆಬ್ರುವರಿವರೆಗೆ ಹಳ್ಳ ತಗ್ಗಿದ್ದಾಗ ಓಡಿಸಿ. ಕೊಳ್ಳುವ ಮುಂಚೆ ಎರಡು ನೋಡಿ: ನಿಮ್ಮ ಈಗಿನ ಎರಡು ಸೆಲ್ಲಿನ ಪ್ಯಾಕ್ ಅದರ ತಟ್ಟೆಯಲ್ಲಿ ಕೂರುತ್ತದೆಯೇ, ಮತ್ತು ಸರ್ವೊ ನೀರು ತಡೆಯುವಂಥದ್ದೇ. ಆಕ್ಸಲ್ಲಿನ ಒಳಗೆ ಕಾರ್ಖಾನೆ ಹಾಕಿದ ಗ್ರೀಸ್ ಕಡಿಮೆ ಇರುವುದೇ ಹೆಚ್ಚು, ಮೊದಲ ಓಟಕ್ಕೆ ಮುಂಚೆ ಬಿಚ್ಚಿ ಆ ಮರೀನ್ ಗ್ರೀಸನ್ನೇ ತುಂಬಿ.